ನೇತ್ರಾವತಿ ದಂಡೆಯ ದ್ವೀಪಗಳು

2019ರ ಮೇ ತಿಂಗಳಲ್ಲಿ ಧರ್ಮಸ್ಥಳದ ಧರ್ಮಾಧಿಕಾರಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರು ಭಕ್ತರಲ್ಲಿ ಒಂದು ವಿನಂತಿ ಮಾಡಿಕೊಂಡರು. ನೇತ್ರಾವತಿಯಲ್ಲಿ ನೀರು ತೀರ ಇಳಿದಿದೆ, ಯಾತ್ರೆಯನ್ನು ಸ್ವಲ್ಪ ದಿನ ಮುಂದೂಡಿ ಎಂಬುದು ಅದರ ಸಾರ. ಬಯಲುಸೀಮೆಯ ನಮ್ಮ ಊರುಗಳಲ್ಲಿ ಈ ಸುದ್ದಿಯನ್ನು ಎಷ್ಟೋ ಜನ ನಂಬಲಿಲ್ಲ. ಬೇಸಿಗೆ ಬಂದರೆ ಟ್ಯಾಂಕರ್ ಕಾಯುವುದು ನಮ್ಮ ಪಾಲಿಗೆ ಬಂದದ್ದು; ವರ್ಷಕ್ಕೆ ಮೂರೂವರೆ, ನಾಲ್ಕು ಸಾವಿರ ಮಿಲಿಮೀಟರ್ ಮಳೆ ಸುರಿಯುವ ಬೆಳ್ತಂಗಡಿ ತಾಲ್ಲೂಕಿಗೆ ಅದೆಂಥ ಬರ? ವಿಜಯಪುರ ಜಿಲ್ಲೆಯ ಮಳೆ ಅದರ ಐದನೇ ಒಂದು ಪಾಲಿನಷ್ಟೂ ಇಲ್ಲ.

ಆ ವಿನಂತಿಗೆ ಮೂರು ತಿಂಗಳು ತುಂಬುವ ಮೊದಲೇ, ಆಗಸ್ಟ್ 9ರಂದು, ಅದೇ ತಾಲ್ಲೂಕಿನ ಗುಡ್ಡಗಳು ಬಾಯಿಬಿಟ್ಟವು. ಚಾರ್ಮಾಡಿ, ನೆರಿಯ, ಮಿತ್ತಬಾಗಿಲು, ಮಲವಂತಿಗೆ, ದಿಡುಪೆ ಕಡೆಯ ಹಳ್ಳಗಳು ಮರದ ದಿಮ್ಮಿ, ಬಂಡೆ, ಮರಳು ಹೊತ್ತು ಇಳಿದವು. ಅಡಿಕೆ ತೋಟಗಳ ಮೇಲೆ ಮರಳು ಕುಳಿತಿತು. ಸೇತುವೆಗಳು ಕುಸಿದವು. ಶಿವರಾತ್ರಿಗೆ ನಮ್ಮ ಭಾಗದ ಸಾವಿರಾರು ಜನ ಪಾದಯಾತ್ರೆಯಲ್ಲಿ ಇಳಿಯುವ ಚಾರ್ಮಾಡಿ ಘಾಟಿ ಕುಸಿದು ಮುಚ್ಚಿತು. ಕೆಳಗೆ ಬಂಟ್ವಾಳದಲ್ಲಿ ನೇತ್ರಾವತಿ 8.5 ಮೀಟರಿನ ಅಪಾಯದ ಮಟ್ಟ ದಾಟಿ ಪೇಟೆಗೆ ನುಗ್ಗಿತು. ಅದೇ ವಾರ ಮಲಪ್ರಭೆ, ಘಟಪ್ರಭೆ, ಕೃಷ್ಣೆ ನಮ್ಮ ಊರುಗಳನ್ನು ಮುಳುಗಿಸಿದ್ದರಿಂದ ಕರಾವಳಿಯ ಸುದ್ದಿ ನಮ್ಮ ಕಿವಿಗೆ ಸರಿಯಾಗಿ ಬೀಳಲೇ ಇಲ್ಲ.

ಒಂದೇ ನದಿ, ಒಂದೇ ವರ್ಷ. ಮೇ ತಿಂಗಳಲ್ಲಿ ಕುಡಿಯಲು ನೀರಿಲ್ಲ, ಆಗಸ್ಟಿನಲ್ಲಿ ಮನೆಯೊಳಗೆ ನೀರು. ಹವಾಮಾನ ಬದಲಾವಣೆ ಎಂದರೆ ಎಲ್ಲೋ ಧ್ರುವದಲ್ಲಿ ಹಿಮ ಕರಗುವುದು ಎಂದುಕೊಂಡವರು ಈ ಎರಡು ತಿಂಗಳುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ಅರಬ್ಬಿ ಸಮುದ್ರ ಕಾಯುತ್ತಿದೆ. ಮೋಡ ಹೊತ್ತು ತರುವ ತೇವ ಹೆಚ್ಚಾಗಿದೆ. ನಾಲ್ಕು ತಿಂಗಳು ಹದವಾಗಿ ಸುರಿಯಬೇಕಾದ ಮಳೆ ಕೆಲವೇ ದಿನಗಳಲ್ಲಿ ಸುರಿದು ಹೋಗುವ ಪ್ರವೃತ್ತಿ ಬೆಳೆಯುತ್ತಿದೆ. ಘಟ್ಟದ ನೆತ್ತಿಯಿಂದ ಕಡಲಿಗೆ ನೇತ್ರಾವತಿಯದು ನೂರು ಕಿಲೋಮೀಟರಿನ ಆಸುಪಾಸಿನ ಓಟ. ಹಾಗೆ ಸುರಿದ ನೀರು ಒಂದೆರಡು ದಿನಗಳಲ್ಲಿ ಸಮುದ್ರ ಸೇರಿಬಿಡುತ್ತದೆ. ಹಿಡಿದಿಡುವವರು ಇಲ್ಲದಿದ್ದರೆ ನಾಲ್ಕು ಸಾವಿರ ಮಿಲಿಮೀಟರೂ ಒಂದೇ, ನಾನೂರೂ ಒಂದೇ.

ಈ ಸಂಕಟವನ್ನು ನಮಗಿಂತ ಮೊದಲು ಉಂಡವರು ಸಮುದ್ರದ ನಡುವಿನ ಪುಟ್ಟ ದೇಶಗಳವರು. ಮಾಲ್ಡೀವ್ಸ್ ಮಂಗಳೂರಿನಿಂದ ನೈಋತ್ಯಕ್ಕೆ, ಲಕ್ಷದ್ವೀಪದಾಚೆ ಇದೆ. ಅಲ್ಲಿನ ಹೆಚ್ಚಿನ ನೆಲ ಕಡಲ ಮಟ್ಟದಿಂದ ಒಂದು ಮೀಟರ್ ಎತ್ತರವೂ ಇಲ್ಲ. 2014ರ ಡಿಸೆಂಬರ್ 4ರಂದು ರಾಜಧಾನಿ ಮಾಲೆಯಲ್ಲಿ ಸಮುದ್ರದ ನೀರನ್ನು ಸಿಹಿ ಮಾಡುವ ಘಟಕಕ್ಕೆ ಬೆಂಕಿ ಬಿದ್ದು, ಒಂದು ಲಕ್ಷಕ್ಕೂ ಹೆಚ್ಚು ಜನ ಕುಡಿಯುವ ನೀರಿಲ್ಲದೆ ಕುಳಿತರು. ಭಾರತ ವಿಮಾನ, ಹಡಗುಗಳಲ್ಲಿ ನೀರು ಕಳಿಸಿತು. ಸುತ್ತಲೂ ನೀರು, ಕುಡಿಯಲು ಹನಿ ಇಲ್ಲ. ನದಿಯ ದಂಡೆಯಲ್ಲೇ ಇದ್ದ ಧರ್ಮಸ್ಥಳದ್ದೂ 2019ರ ಮೇನಲ್ಲಿ ಹೆಚ್ಚುಕಡಿಮೆ ಇದೇ ಪಾಡು.

ಆ ಹವಳದ ದ್ವೀಪಗಳಲ್ಲಿ ಸಿಹಿನೀರು ಇರುವ ಬಗೆ ತಿಳಿಯುವಂಥದ್ದು. ಬಿದ್ದ ಮಳೆ ಮರಳಿನಲ್ಲಿ ಇಂಗಿ, ಕೆಳಗಿನ ಉಪ್ಪುನೀರಿನ ಮೇಲೆ ತೆಳುವಾದ ಪದರವಾಗಿ ತೇಲುತ್ತದೆ. ಮಿತವಾಗಿ ಸೇದಿದರೆ ಅದು ತಲೆಮಾರುಗಳಿಗೆ ಬಾಳುತ್ತದೆ. ಪಂಪು ಹಚ್ಚಿ ಎಳೆದರೆ ಕೆಳಗಿನ ಉಪ್ಪು ಮೇಲೇರುತ್ತದೆ. ಸಮುದ್ರ ಏರಿದರೂ ಅದೇ ಗತಿ. ಒಮ್ಮೆ ಉಪ್ಪಾದ ಬಾವಿ ಮತ್ತೆ ಸಿಹಿಯಾಗಲು ಬಹಳ ಕಾಲ ಬೇಕು. ಆದ್ದರಿಂದ ಅಲ್ಲಿನ ಮನೆಗಳಿಗೆ ಸೂರಿನ ಮಳೆನೀರು ಹಿಡಿಯುವ ತೊಟ್ಟಿ ನಮ್ಮ ಮನೆಯ ಹಗೇವಿನಷ್ಟು ಮುಖ್ಯ. ಇಂಥ ಸಣ್ಣ ದ್ವೀಪದೇಶಗಳೆಲ್ಲ ಸೇರಿ ಜಗತ್ತಿಗೆ ಬಿಡುವ ಹೊಗೆ ನೂರರಲ್ಲಿ ಒಂದು ಪಾಲೂ ಇಲ್ಲ. ಹೊಗೆ ಬಿಟ್ಟವರು ಬೇರೆ, ಮುಳುಗುವವರು ಬೇರೆ.

ಮಾಲ್ಡೀವ್ಸ್ ದೂರವಾಯಿತು ಎನ್ನುವವರಿಗೆ ನಮ್ಮ ಜಿಲ್ಲೆಗಳಲ್ಲೇ ದ್ವೀಪ ತೋರಿಸಬಹುದು. ತುಳುನಾಡಿನಲ್ಲಿ ನದಿಯ ನಡುವಿನ ದ್ವೀಪಕ್ಕೆ ಕುದ್ರು ಎನ್ನುತ್ತಾರೆ. ಬಂಟ್ವಾಳದಿಂದ ನದಿಯ ಜೊತೆಗೇ ಕೆಳಗಿಳಿದರೆ ಪಾವೂರು ಉಳಿಯ ಎಂಬ ಕುದ್ರು ಸಿಗುತ್ತದೆ. ಕೆಲವು ಹತ್ತು ಮನೆಗಳಿವೆ, ಹೆಚ್ಚಿನವರು ಕ್ರೈಸ್ತ ಬಂಧುಗಳು. ಮಳೆಗಾಲದಲ್ಲಿ ದೋಣಿಯೇ ಗತಿ. ನೀರು ಇಳಿದ ಮೇಲೆ ತಾವೇ ಮರದ ಕಾಲುಸೇತುವೆ ಕಟ್ಟಿಕೊಳ್ಳುತ್ತಾರೆ, ಮುಂದಿನ ಮಳೆಗೆ ಮೊದಲು ಅದನ್ನು ಬಿಚ್ಚುತ್ತಾರೆ. ಮಕ್ಕಳ ಶಾಲೆ, ರೋಗಿಯ ಆಸ್ಪತ್ರೆ ಎಲ್ಲವೂ ಆ ಹಲಗೆಯ ಮೇಲೆ. ಅವರ ಕುದ್ರುವನ್ನು ತಿನ್ನುತ್ತಿರುವುದು ಏರುವ ಸಮುದ್ರಕ್ಕಿಂತ ಮೊದಲು ಮರಳು ತೆಗೆಯುವ ದೋಣಿಗಳು. ಸುತ್ತಲಿನ ಮರಳು ಎತ್ತಿದಷ್ಟೂ ದಂಡೆ ಜರಿಯುತ್ತದೆ, ತೆಂಗಿನ ಮರಗಳು ಬುಡಸಮೇತ ಹೊಳೆಗೆ ಬೀಳುತ್ತವೆ. ದೂರು ಕೊಟ್ಟು ಕೊಟ್ಟು ಅಲ್ಲಿನವರು ಸೋತಿದ್ದಾರೆ.

ಮರಳಿನ ಈ ಲೆಕ್ಕದಲ್ಲಿ ಒಂದು ವಿಪರ್ಯಾಸವಿದೆ. ಕಡಲ ದ್ವೀಪಗಳಲ್ಲಿ ಮನೆ, ರಸ್ತೆ ಕಟ್ಟಲು ಮರಳಿಲ್ಲ. ಲಕ್ಷದ್ವೀಪಕ್ಕೆ ಮಂಗಳೂರಿನ ಹಳೆ ಬಂದರಿನಿಂದ ದಿನಸಿ, ತರಕಾರಿಯ ಜೊತೆ ಜಲ್ಲಿ, ಮರಳೂ ಹೋಗುತ್ತದೆ. ಮಾಲ್ಡೀವ್ಸಿಗೆ 2024-25ರಲ್ಲಿ ಭಾರತ ಸರಕಾರ ಹತ್ತು ಲಕ್ಷ ಟನ್ ನದಿಮರಳು, ಅಷ್ಟೇ ಜಲ್ಲಿ ರಫ್ತಿಗೆ ಅನುಮತಿ ಕೊಟ್ಟಿತ್ತು. ಒಂದು ದ್ವೀಪ ಉಳಿಯಲು ಎಲ್ಲೋ ಇನ್ನೊಂದು ನದಿಯ ತಳ ಖಾಲಿಯಾಗುತ್ತದೆ. ನೆರೆಹೊರೆಯವರಿಗೆ ಕೊಡಬಾರದೆಂದು ನಾನು ಹೇಳುತ್ತಿಲ್ಲ. ಆ ರಫ್ತಿನ ಲೆಕ್ಕವಾದರೂ ಕಾಗದದಲ್ಲಿದೆ. ನೇತ್ರಾವತಿಯಿಂದ ಕದ್ದು ಸಾಗುವ ಮರಳಿಗೆ ಲೆಕ್ಕವೇ ಇಲ್ಲ, ಅದರಲ್ಲಿ ಬಹುಪಾಲು ನಮ್ಮ ನಗರಗಳ ಬಹುಮಹಡಿ ಕಟ್ಟಡಗಳಿಗೇ ಹೋಗುತ್ತದೆ. ಆ ಕಟ್ಟಡಗಳನ್ನು ಕಟ್ಟುವ ಕೂಲಿಕಾರರಲ್ಲಿ ಬಾಗಲಕೋಟೆ, ಗದಗ, ಕೊಪ್ಪಳ ಕಡೆಯವರು ಬಹಳ. ಕರಾವಳಿಯಲ್ಲಿ ಅವರನ್ನು ಘಟ್ಟದವರು ಎನ್ನುತ್ತಾರೆ. ಅವರ ತಗಡಿನ ಶೆಡ್ಡುಗಳು ಯಾರಿಗೂ ಬೇಡವಾದ ತಗ್ಗಿನಲ್ಲಿರುತ್ತವೆ, ಹೊಳೆ ಉಕ್ಕಿದರೆ ಮೊದಲು ನೀರು ನುಗ್ಗುವುದು ಅಂಥಲ್ಲಿಗೇ. ಹಾಗಾಗಿ ಇದು ಪರರ ಊರಿನ ಕಷ್ಟ ಎಂದು ನಾವು ಕೈಕಟ್ಟಿ ಕೂರುವಂತಿಲ್ಲ.

ನೀರಿನ ನಡುವೆ ಇಲ್ಲದಿದ್ದರೂ ದ್ವೀಪವಾಗಿರುವ ಊರುಗಳು ಬೆಳ್ತಂಗಡಿಯಲ್ಲಿವೆ. ಮಲವಂತಿಗೆ ಗ್ರಾಮದ ಎಳನೀರು ಇರುವುದು ಕುದುರೆಮುಖದ ಕಾಡಿನಂಚಿನಲ್ಲಿ, ನೇತ್ರಾವತಿ ಹುಟ್ಟುವ ಸೀಮೆಯಲ್ಲಿ. ದಿಡುಪೆಯಿಂದ ಕೆಲವೇ ಕಿಲೋಮೀಟರ್. ಆದರೆ ಸರಿಯಾದ ರಸ್ತೆಯಿಲ್ಲ. ತಾಲ್ಲೂಕು ಕಚೇರಿಗೆ ಬರಬೇಕಾದರೆ ಘಟ್ಟ ಸುತ್ತಿ ನೂರು ಕಿಲೋಮೀಟರಿನಷ್ಟು ಹಾದಿ ಸವೆಸಬೇಕು. ನೆರಿಯದ ಬಾಂಜಾರುಮಲೆಯಲ್ಲಿ ಮಲೆಕುಡಿಯರು ಇದ್ದಾರೆ. ಚಾರ್ಮಾಡಿ ಘಾಟಿಯಿಂದ ಒಳಗೆ ಇಳಿಯಬೇಕು, ಮಳೆ ಜೋರಾದರೆ ಹೊರಲೋಕದ ನಂಟು ಕಡಿಯುತ್ತದೆ. 2024ರ ಏಪ್ರಿಲ್ 26ರ ಲೋಕಸಭಾ ಚುನಾವಣೆಯಲ್ಲಿ ಆ ಮತಗಟ್ಟೆಯ 111 ಮತದಾರರಲ್ಲಿ 111 ಜನರೂ ಮತ ಹಾಕಿದರು. ಪತ್ರಿಕೆಗಳು ಹೊಗಳಿದವು, ಅಧಿಕಾರಿಗಳು ಅಭಿನಂದಿಸಿದರು.

ಇಲ್ಲಿ ದ್ವೀಪದೇಶಗಳಿಗೂ ಬಾಂಜಾರುಮಲೆಗೂ ಒಂದು ವ್ಯತ್ಯಾಸ ಕಾಣುತ್ತದೆ. ತುವಾಲುವಿನ ಜನಸಂಖ್ಯೆ ಸುಮಾರು 11 ಸಾವಿರ, ನಮ್ಮ ಒಂದು ದೊಡ್ಡ ಗ್ರಾಮ ಪಂಚಾಯಿತಿಯಷ್ಟು. ಆದರೂ ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ಅದಕ್ಕೆ ಒಂದು ಮತ, ಭಾರತಕ್ಕೂ ಒಂದೇ ಮತ. ಆ ಬಲದಿಂದಲೇ ಪುಟ್ಟ ದೇಶಗಳು 1990ರಲ್ಲಿ ಒಕ್ಕೂಟ ಕಟ್ಟಿದವು. ವನುವಾಟು ಮುಂದೆ ನಿಂತು 2023ರ ಮಾರ್ಚ್‌ನಲ್ಲಿ ಮಹಾಸಭೆಯ ನಿರ್ಣಯ ಮಾಡಿಸಿತು. ಅದರ ಫಲವಾಗಿ 2025ರ ಜುಲೈ 23ರಂದು ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ, ಹವಾಮಾನವನ್ನು ಕಾಪಾಡುವುದು ರಾಷ್ಟ್ರಗಳ ಕಾನೂನುಬದ್ಧ ಹೊಣೆ ಎಂದು ಅಭಿಪ್ರಾಯ ಕೊಟ್ಟಿತು. ಬಾಂಜಾರುಮಲೆಯ 111 ಮತ ನೂರಕ್ಕೆ ನೂರು ಬಿದ್ದರೂ ಲಕ್ಷಗಳ ಲೆಕ್ಕದಲ್ಲಿ ಕರಗಿಹೋಗುತ್ತದೆ. ಅವರ ಪರವಾಗಿ ಮಾತಾಡುವ ಒಕ್ಕೂಟ ಇನ್ನೂ ಬಲವಾಗಿ ಎದ್ದಿಲ್ಲ. ಜಾತಿ, ಮತ, ಜಿಲ್ಲೆ ನೋಡದೆ ಅಂಚಿನವರ ಪರ ನಿಲ್ಲುತ್ತೇವೆಂದು ಹೇಳಿಕೊಳ್ಳುವ ನಮ್ಮಂಥ ಚಳವಳಿಗಳು ಇಂಥಲ್ಲಿ ಮಾತಾಡದಿದ್ದರೆ ಇನ್ನೆಲ್ಲಿ?

ಈಗ ನಮ್ಮವರಲ್ಲಿ ಕೆಲವರಿಗೆ ಕಹಿಯಾಗಬಹುದಾದ ಮಾತಿಗೆ ಬರುತ್ತೇನೆ. ಎತ್ತಿನಹೊಳೆ. ಸಕಲೇಶಪುರದ ಕಡೆ ಹುಟ್ಟುವ ಈ ಹೊಳೆ ಗುಂಡ್ಯ, ಕುಮಾರಧಾರಾ ಸೇರಿ ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ ಕೂಡುತ್ತದೆ. ಅಲ್ಲಿಂದ ಕೆಳಗಿನ ಬಂಟ್ವಾಳ, ಮಂಗಳೂರು ಅದರ ಫಲಾನುಭವಿಗಳು. ಮಳೆಗಾಲದಲ್ಲಿ ಆ ಹೊಳೆ, ಪಕ್ಕದ ಹಳ್ಳಗಳಿಂದ 24.01 ಟಿಎಂಸಿ ನೀರು ಎತ್ತಿ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಮುಂತಾದ ಏಳು ಜಿಲ್ಲೆಗಳಿಗೆ ಕೊಡುವ ಯೋಜನೆಗೆ 2014ರಲ್ಲಿ ಶಂಕುಸ್ಥಾಪನೆಯಾಯಿತು. ಮೊದಲ ಹಂತ 2024ರ ಸೆಪ್ಟೆಂಬರ್ 6ರಂದು ಆರಂಭವಾಯಿತು. 2014ರಲ್ಲಿ 12,912 ಕೋಟಿ ರೂಪಾಯಿ ಇದ್ದ ಅಂದಾಜು ಈಗ 23 ಸಾವಿರ ಕೋಟಿ ದಾಟಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಅವರ ತಂಡ ಲೆಕ್ಕ ಹಾಕಿದಾಗ ಆ ಜಲಾನಯನದಲ್ಲಿ ಸಿಗುವ ಒಟ್ಟು ನೀರೇ 9.55 ಟಿಎಂಸಿ ಎಂದು ಬಂತು.

ಕೋಲಾರದವರ ದಾಹ ಸುಳ್ಳಲ್ಲ. ಆಳದ ಕೊಳವೆಬಾವಿಯ ಫ್ಲೋರೈಡ್ ನೀರು ಕುಡಿದು ಮೂಳೆ ಬಾಗಿದವರ ಮುಂದೆ ನಿಂತು ನಿಮಗೆ ನೀರು ಬೇಡ ಎನ್ನಲು ಯಾರಿಗೂ ಬಾಯಿ ಬರಬಾರದು. ಆದರೆ ಜುಲೈ ತಿಂಗಳ ಹೊಳೆ ನೋಡಿ ಇಲ್ಲಿ ನೀರು ಹೆಚ್ಚಾಗಿದೆ ಎಂದು ತೀರ್ಮಾನಿಸುವುದು, ಸುಗ್ಗಿಯ ದಿನ ರೈತನ ಕಣಜ ನೋಡಿ ಇವನು ಸಾಹುಕಾರ ಎಂದಂತೆ. ಮಳೆಗಾಲದಲ್ಲಿ ಘಟ್ಟದ ಕಾಡು, ಹುಲ್ಲುಗಾವಲು ಕುಡಿದಿಟ್ಟ ನೀರೇ ಮಾರ್ಚ್, ಏಪ್ರಿಲ್‌ನಲ್ಲಿ ಒರತೆಯಾಗಿ ಹೊಳೆಗೆ ಬರಬೇಕು. ಆ ಕಾಡನ್ನು ಸೀಳಿ ಪೈಪು ಹೂಳಿದರೆ ಕಳೆದುಕೊಳ್ಳುವುದು ಮಳೆಗಾಲದ ನೀರನ್ನಷ್ಟೇ ಅಲ್ಲ. ಬಂಟ್ವಾಳದ ತುಂಬೆ ಅಣೆಕಟ್ಟಿನಿಂದಲೇ ಮಂಗಳೂರು ನಗರ ಕುಡಿಯುವುದು. 2016ರ ಬೇಸಿಗೆಯಲ್ಲಿ ಅಲ್ಲಿ ನೀರು ತಳ ಕಂಡಿತು, 2019ರಲ್ಲಿ ಸರದಿಯ ಮೇಲೆ ನೀರು ಬಿಟ್ಟರು. ನಗರಕ್ಕೆ ಹೆಚ್ಚು ನೀರು ನಿಲ್ಲಿಸಲು ಅಣೆಕಟ್ಟಿನ ಮಟ್ಟ ಏರಿಸಿದಾಗ ಮುಳುಗಿದ್ದು ಬಂಟ್ವಾಳದ ದಂಡೆಯ ರೈತರ ಗದ್ದೆ, ತೋಟ. ಕೆಳಗೆ ಅಡ್ಯಾರ್, ಹರೇಕಳದ ನಡುವೆ ಉಪ್ಪುನೀರು ಮೇಲೇರದಂತೆ ಇನ್ನೊಂದು ಅಣೆಕಟ್ಟು ಕಟ್ಟಬೇಕಾಯಿತು. ಹೊಳೆಯ ಸಿಹಿನೀರು ಇಳಿದರೆ ಕಡಲು ಒಳಗೆ ಬರುತ್ತದೆ; ಹವಳದ ದ್ವೀಪದ ಬಾವಿಗೆ ಆಗುವುದೇ ನದಿಗೂ ಆಗುತ್ತದೆ.

ಹಾಗಾದರೆ ಮಾಡಬೇಕಾದ್ದೇನು ಎಂಬ ಪ್ರಶ್ನೆಗೆ ಉತ್ತರ ಈ ಮೂರು ತಾಲ್ಲೂಕುಗಳ ನೆಲದಲ್ಲೇ ಇದೆ. ಬಂಟ್ವಾಳ ತಾಲ್ಲೂಕಿನ ಕೇಪು ಗ್ರಾಮದ ಅಮೈ ಮಹಾಲಿಂಗ ನಾಯ್ಕರ ಹೆಸರನ್ನು ಕೇಳಿರಬಹುದು. ತೆಂಗು, ಅಡಿಕೆ ಮರ ಹತ್ತುವ ಕೂಲಿ ಮಾಡುತ್ತಿದ್ದವರು. ಸಿಕ್ಕಿದ್ದು ಗುಡ್ಡದ ಇಳಿಜಾರಿನ ಬೋಳು ನೆಲ, ನೀರಿಲ್ಲ. ಹಗಲು ಕೂಲಿ ಮುಗಿಸಿ ಬಂದು, ಗುಡ್ಡದ ಮಗ್ಗುಲಿಗೆ ಒಬ್ಬರೇ ಸುರಂಗ ಕೊರೆದರು. ಸುರಂಗ ಎಂದರೆ ಮುರಕಲ್ಲಿನ ಗುಡ್ಡದೊಳಕ್ಕೆ ಅಡ್ಡಲಾಗಿ ತೋಡುವ ಬಾವಿ, ಒಬ್ಬ ಮನುಷ್ಯ ನಿಂತು ಗುದ್ದಲಿ ಬೀಸುವಷ್ಟೇ ಅಗಲ. ಮಳೆಗಾಲದಲ್ಲಿ ಗುಡ್ಡ ಕುಡಿದ ನೀರು ಅದರೊಳಗೆ ಜಿನುಗಿ, ಪಂಪಿಲ್ಲದೆ, ಕರೆಂಟಿಲ್ಲದೆ ತಾನಾಗಿ ಹೊರಗೆ ಹರಿಯುತ್ತದೆ. ಒಂದಾದ ಮೇಲೊಂದು ಸುರಂಗ ಬರಡಾಯಿತು, ನೋಡಿದವರು ನಕ್ಕರು. ಅವರು ಬಿಡಲಿಲ್ಲ. ಕೊನೆಗೆ ನೀರು ಬಂತು, ತೋಟ ಎದ್ದಿತು. 2022ರಲ್ಲಿ ಭಾರತ ಸರಕಾರ ಪದ್ಮಶ್ರೀ ಕೊಟ್ಟಿತು. ಕಾಯಕ ಎಂಬ ಮಾತನ್ನು ವೇದಿಕೆಯ ಮೇಲೆ ನಾವು ಬಹಳ ಸಲ ಆಡುತ್ತೇವೆ. ಆ ಗುಡ್ಡದೊಳಗೆ ಚಿಮಣಿ ಬೆಳಕಿನಲ್ಲಿ ಅವರು ಮಾಡಿದ್ದನ್ನು ನೋಡಿದ ಮೇಲೆ ಆ ಮಾತು ಆಡಲು ನಾಲಗೆ ಸ್ವಲ್ಪ ತಡವರಿಸಬೇಕು.

ಬಂಟ್ವಾಳದ ಮಾಣಿಲದಿಂದ ಕಾಸರಗೋಡಿನ ಎಣ್ಮಕಜೆಯವರೆಗೆ ಇಂಥ ಸುರಂಗಗಳು ಸಾಕಷ್ಟಿವೆ. ಜಲಪತ್ರಕರ್ತ ಶ್ರೀಪಡ್ರೆಯವರು ಅವುಗಳ ಬಗ್ಗೆ, ಹಾಗೆಯೇ ಕಟ್ಟಗಳ ಬಗ್ಗೆ ದಶಕಗಳಿಂದ ಬರೆಯುತ್ತ ಬಂದಿದ್ದಾರೆ. ಕಟ್ಟ ಎಂದರೆ ಮಳೆ ನಿಂತ ಮೇಲೆ ಊರವರೇ ಸೇರಿ ಹಳ್ಳಕ್ಕೆ ಕಲ್ಲು, ಮಣ್ಣು, ಅಡಿಕೆ ಮರದಿಂದ ಹಾಕುವ ತಾತ್ಕಾಲಿಕ ಒಡ್ಡು. ಬೇಸಿಗೆಯುದ್ದಕ್ಕೂ ಮೇಲಿನ ತೋಟಕ್ಕೆ, ಕೆಳಗಿನ ಬಾವಿಗೆ ನೀರು. ಮುಂದಿನ ಮಳೆಗೆ ಅದು ತಾನೇ ಕೊಚ್ಚಿಹೋಗುತ್ತದೆ, ಹೊಳೆಗೆ ಅಡ್ಡಿಯಿಲ್ಲ. ಕೊಳವೆಬಾವಿ ಬಂದ ಮೇಲೆ ನೆರೆಹೊರೆಯವರು ಕೂಡಿ ಕಟ್ಟ ಹಾಕುವ ಪದ್ಧತಿ ಸೊರಗಿತು. ಒಬ್ಬನ ಬಳಿ ದುಡ್ಡಿದ್ದರೆ ಕೊಳವೆಬಾವಿ ಆಗುತ್ತದೆ, ಕಟ್ಟಕ್ಕೆ ಹತ್ತು ಮನೆಯವರು ಮಾತಾಡುವಂತಿರಬೇಕು.

ಮೂಡುಬಿದಿರೆಯಲ್ಲಿ ದೊಡ್ಡ ನದಿಯಿಲ್ಲ. 1430ರ ಸಾವಿರ ಕಂಬದ ಬಸದಿಯನ್ನು ನೋಡಲು ಬರುವವರು ಊರಿನ ಇನ್ನೊಂದು ಸಂಪತ್ತನ್ನು ನೋಡದೆ ಹೋಗುತ್ತಾರೆ. 18 ಬಸದಿ, 18 ದೇವಸ್ಥಾನ, 18 ಕೆರೆ ಎಂಬುದು ಊರಿನ ಮಾತು. ಬಸದಿ, ದೇವಸ್ಥಾನಗಳ ಜೊತೆ ಕೆರೆಯನ್ನೂ ಸರಿಸಮನಾಗಿ ಎಣಿಸಿದ ಹಿರಿಯರ ಬುದ್ಧಿ ದೊಡ್ಡದು. ಮುರಕಲ್ಲು ಜರಡಿಯಂತೆ ನೀರು ಬಿಡುತ್ತದೆ. ಮೇಲೆ ಕೆರೆಯಿದ್ದರೆ ಕೆಳಗಿನ ಬಾವಿ ತುಂಬಿರುತ್ತದೆ. ಕಡಲಕೆರೆಯಂಥ ಕೆಲವು ಉಳಿದಿವೆ, ಕೆಲವನ್ನು ಊರು ಮರೆತಿದೆ. ಪೇಟೆ ಬೆಳೆದು ಗುಡ್ಡ ಸಪಾಟಾಗಿ ಮುರಕಲ್ಲಿನ ಕ್ವಾರಿ ಎದ್ದಲ್ಲೆಲ್ಲ ಜರಡಿಯೇ ಹೋಗುತ್ತದೆ.

ನಮಗೆ ಇದೇನು ಹೊಸದಲ್ಲ. ಸೊನ್ನಲಿಗೆಯಲ್ಲಿ ಸಿದ್ಧರಾಮೇಶ್ವರರು ಕೆರೆ ಕಟ್ಟಿಸಿದ್ದನ್ನು ಪ್ರತಿ ಪ್ರವಚನದಲ್ಲಿ ಕೇಳುತ್ತೇವೆ. ಅಲ್ಲಮಪ್ರಭುಗಳು ಅವರನ್ನು ಕೆಣಕಿದ್ದನ್ನೂ ಕೇಳುತ್ತೇವೆ. ಅಲ್ಲಮರು ಕೆಣಕಿದ್ದು ಕೆರೆ ಕಟ್ಟಿಸುವವನ ಅಹಂಕಾರವನ್ನು, ಕೆರೆಯನ್ನಲ್ಲ ಎಂದು ನಾನು ತಿಳಿದಿದ್ದೇನೆ. ಇವತ್ತು ಆ ಪ್ರಸಂಗ ಹೇಳಿ ಕೆರೆ ಕೆಲಸದಿಂದ ನುಣುಚಿಕೊಳ್ಳುವವರೂ ಇದ್ದಾರೆ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯವರು ನಮ್ಮೂರು ನಮ್ಮ ಕೆರೆ ಎಂಬ ಕಾರ್ಯಕ್ರಮದಡಿ ನಮ್ಮ ಉತ್ತರದ ಜಿಲ್ಲೆಗಳ ಕೆರೆಗಳ ಹೂಳನ್ನೂ ತೆಗೆಸಿದ್ದಾರೆ. ಅಲ್ಲಿಂದ ಇಲ್ಲಿಗೆ ಕೈ ಬಂದಿದೆ. ಇಲ್ಲಿಂದ ಅಲ್ಲಿಗೆ ಹೋಗುವುದು ಯಾತ್ರೆಯ ಬಸ್ಸು ಮಾತ್ರ ಆಗಬೇಕೆ?

ನೆರೆ ಬಂದಾಗ ನಮ್ಮ ಮಠಗಳು ಸುಮ್ಮನೆ ಕೂರುವುದಿಲ್ಲ, ಅದನ್ನು ಯಾರೂ ಅಲ್ಲಗಳೆಯಲಾರರು. 2019ರಲ್ಲಿ ಗಂಜಿ ಕೇಂದ್ರ ತೆರೆದರು, ರೊಟ್ಟಿ ಕಟ್ಟಿ ಲಾರಿ ತುಂಬಿಸಿದರು, ಕಂಬಳಿ ಹಂಚಿದರು. ಆದರೆ ಆ ಕೆಲಸಕ್ಕೆ ಒಂದು ಗುಣವಿದೆ: ಅದು ಫೋಟೋದಲ್ಲಿ ಚೆನ್ನಾಗಿ ಕಾಣುತ್ತದೆ. ಜನವರಿಯಲ್ಲಿ ಹಳ್ಳಕ್ಕೆ ಒಡ್ಡು ಹಾಕುವುದು ಹಾಗೆ ಕಾಣುವುದಿಲ್ಲ. ನೆರೆ ಬಂದ ಮೇಲೆ ಒಂದು ಲಾರಿ ಸಾಮಾನು ಕಳಿಸುವ ಖರ್ಚಿನಲ್ಲಿ ಬೇಸಿಗೆಯಲ್ಲಿ ಒಂದೆರಡು ಕಟ್ಟ ಹಾಕಬಹುದು, ಮುರಿದ ಕಾಲುಸಂಕವೊಂದನ್ನು ಮತ್ತೆ ನಿಲ್ಲಿಸಬಹುದು. ಮಠದ ವಿದ್ಯಾರ್ಥಿನಿಲಯಗಳ ಸೂರಿನ ನೀರು ಇನ್ನೂ ಮೋರಿಗೆ ಹೋಗುತ್ತಿದ್ದರೆ ಮೊದಲು ಅದನ್ನು ತೊಟ್ಟಿಗೆ ತಿರುಗಿಸಬಹುದು. ಎಷ್ಟು ಮಠಗಳಲ್ಲಿ ಅದಾಗಿದೆ ಎಂದು ಓದುಗರೇ ತಮ್ಮ ಊರಿನಲ್ಲಿ ನೋಡಿಕೊಳ್ಳಲಿ.

ಬಂಟ್ವಾಳದ ಹಿರಿಯರು 1923ರ ನೆರೆಯನ್ನು ಮಾರಿಬೊಳ್ಳ ಎಂದು ಕರೆದದ್ದು ತಲೆಮಾರು ದಾಟಿ ಬಂದಿದೆ. 1974ರ ಜುಲೈ 26ರ ನೆರೆಯನ್ನು ಕಣ್ಣಾರೆ ಕಂಡವರು ಇನ್ನೂ ಇದ್ದಾರೆ. ಎರಡರ ನಡುವೆ ಐವತ್ತೊಂದು ವರ್ಷ. 2019ರ ನಂತರ ಅಷ್ಟು ಬಿಡುವು ಸಿಗುತ್ತದೆಂದು ನಂಬಿ ಕೂರುವ ಕಾಲ ಇದಲ್ಲ. ಕಿಂಡಿ ಅಣೆಕಟ್ಟುಗಳಿಗೆ ಹಲಗೆ ಇಳಿಸುವುದು ಮಳೆ ನಿಂತ ನವೆಂಬರ್, ಡಿಸೆಂಬರ್‌ನಲ್ಲಿ. ತಡವಾದರೆ ಹಳ್ಳ ಆಗಲೇ ಹರಿದು ಹೋಗಿರುತ್ತದೆ. ಮೇ ಕೊನೆಗೆ ತೆಗೆಯದಿದ್ದರೆ ಮೊದಲ ನೆರೆಯ ದಿಮ್ಮಿಗಳು ಅದರಲ್ಲೇ ಸಿಕ್ಕಿ ಪಕ್ಕದ ತೋಟ ಕೊರೆಯುತ್ತದೆ. ಹಲಗೆ ಹೊರಲು, ಇಳಿಸಲು, ಮಣ್ಣು ತುಂಬಲು ಆಳು ಸಾಲದೆಂಬುದು ಅಲ್ಲಿನ ಕೃಷಿಕರ ದೊಡ್ಡ ದೂರು. ಈ ವರ್ಷ ಶಿವರಾತ್ರಿ ಪಾದಯಾತ್ರೆಗೆ ತಯಾರಾಗುವ ನಮ್ಮ ತರುಣ ಸಂಘಗಳು ಡಿಸೆಂಬರಿನಲ್ಲೇ ನಾಲ್ಕು ದಿನ ಮೊದಲು ಹೊರಟು, ನೆರಿಯ, ಮಲವಂತಿಗೆ ಪಂಚಾಯಿತಿಗಳನ್ನು ಕೇಳಿ, ಒಂದು ಹಳ್ಳದ ಕಟ್ಟಕ್ಕೆ ಕೈ ಹಚ್ಚಲಿ. ಊಟವನ್ನು ಅವರು ಕೊಡುತ್ತಾರೆ, ಗುದ್ದಲಿ, ಬುಟ್ಟಿ ನಾವು ಒಯ್ಯೋಣ.